ಮಾಕರೆತಾ ಅತ್ತೆಯ ಒರತೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾಲ್ಕು ಮನೆಗಳ ಸಂಡಾಸಿನ ನೀರು ಹೋಗಿ ಸೇರುವ ಒಂದು ಟ್ಯಾಂಕಿನ ಸುದ್ದಿಯನ್ನು ಕಥೆಯೆಂದು ಹೇಳಹೊರಟಿದ್ದೇನೆ. ಅದೂ ಇನ್ನೊಬ್ಬರ ಮನಸ್ಸಿನೊಳಗೆ ಕೂತು ನೋಡಿದವಳ ಹಾಗೆ. ನಾನು ಆ ನಾಲ್ಕರಲ್ಲಿ ಮೂರನೆಯ ಮನೆಗೆ, ರೇವಿಯನ್ನು ಮದುವೆಯಾಗಿ ಬಂದವಳು. ಹಾಮಿ ನನ್ನ ಗಂಡನ ದೊಡ್ಡಪ್ಪನ ಮಗ. ಅವನ ಒಳಗಿನದು ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ, ಅವನೇ ಹೇಳಿದ್ದು: ಅವರಿಬ್ಬರ ಸೋದರತ್ತೆ, ಮೊದಲನೆಯ ಮನೆಯ ಮಾಕರೆತಾ ಅತ್ತೆಯ ಎಂಬತ್ತರ ಹಬ್ಬಕ್ಕೆ ಗೆಣಸು ಸುಲಿಯುತ್ತ, ಮೂರು ಬಕೆಟ್ ಮುಗಿಯುವವರೆಗೂ. ಹೇಳದೆ ಬಿಟ್ಟದ್ದನ್ನು ಊಹಿಸಿಕೊಂಡಿದ್ದೇನೆ. ಊಹೆ ಎಲ್ಲೆಲ್ಲಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕಹೋದೆ; ಪುಟವೆಲ್ಲ ಗುರುತೇ ಆಯಿತು, ಅಳಿಸಿಬಿಟ್ಟೆ. ತಪ್ಪಿದ್ದರೆ ಹಾಮಿಯದಲ್ಲ, ನನ್ನದು.

ಗುರುವಾರ ಬೆಳಿಗ್ಗೆ ಹಾಮಿ ಹಲ್ಲುಜ್ಜುತ್ತ ನಿಂತಿದ್ದಾಗ ಪಕ್ಕದ ಸಂಡಾಸು ಗುಳುಗುಳು ಸದ್ದು ಮಾಡಿತು. ಯಾರೋ ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡ ಹಾಗಿತ್ತು. ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಕಾದ. ನೀರು ಒಂದು ಬೆರಳಿನಷ್ಟು ಮೇಲೆ ಬಂದು, ಅವನ ಮುಖ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯಿತು. ಮೂರು ವಾರದಿಂದ ಮಳೆ ಬಂದ ಮಾರನೆಯ ದಿನವೆಲ್ಲ ಹೀಗೆಯೇ. ನಮ್ಮ ಹೊಕಿಯಾಂಗಾದ ಚಳಿಗಾಲದ ಆಗಸ್ಟಿನಲ್ಲಿ ಮಳೆ ಬರದ ದಿನವನ್ನೇ ಬೆರಳಲ್ಲಿ ಎಣಿಸಬೇಕು. ಅಡುಗೆಮನೆಯಿಂದ ಅವನ ಹೆಂಡತಿ ರಿಪೆಕಾ, "ಕೇಳಿಸ್ತಾ? ಅನಾಹೆರಾ ಮತ್ತೆ ವಾಷಿಂಗ್ ಮಷೀನ್ ಹಾಕಿದಾಳೆ ಅಂತ ಕಾಣುತ್ತೆ" ಎಂದಳು. ಅನಾಹೆರಾ ನಾಲ್ಕನೆಯ ಮನೆಯವಳು, ಹಾಮಿಯ ತಂಗಿಯ ಸೊಸೆ, ಆಕ್ಲೆಂಡಿನಿಂದ ಬಂದವಳು, ನಾಲ್ಕು ವರ್ಷದ ಅವಳಿ ಹುಡುಗಿಯರ ತಾಯಿ. ಹಾಮಿ ಉಗುಳಿದ. ಬಾಯಿ ಮುಕ್ಕಳಿಸಿದ. ಅವಳು ಮಷೀನು ಹಾಕಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಏಕೆಂದರೆ ಬಚ್ಚಲ ಕಿಟಕಿಯಿಂದಲೇ ಅವಳ ಕಾರು ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಬಟ್ಟೆಯ ಎರಡು ಬುಟ್ಟಿ, ಒಂದರಲ್ಲಿ ಮೈಬಟ್ಟೆ, ಇನ್ನೊಂದರಲ್ಲಿ ಅಡುಗೆಮನೆಯ ಒರಸುಬಟ್ಟೆ. ಎರಡನ್ನೂ ಒಂದೇ ನೀರಿಗೆ ಹಾಕಬಾರದೆಂದು ಅವಳಿಗೆ ಕಲಿಸಿದವರು ಮಾಕರೆತಾ ಅತ್ತೆ. ಅವಳು ಕಲಿತಳು. ಆಮೇಲೆ ಅದೇ ಅತ್ತೆಯ ಮನೆಯಲ್ಲಿ ಚಹಾ ಕುಡಿಯುವಾಗ, ದಿನಕ್ಕೆ ಎರಡೆರಡು ಸಲ ಮಷೀನು ತಿರುಗಿಸಿದರೆ ಯಾವ ಟ್ಯಾಂಕು ತಡೆದೀತು ಎಂದು ಎಲ್ಲರೂ ಅವಳನ್ನು ಚುಡಾಯಿಸಿದರು. ಅವಳೂ ನಕ್ಕಳು. ಮಾರನೆಯ ದಿನದಿಂದ ಬಟ್ಟೆ ಪೇಟೆಯ ಲಾಂಡ್ರಿಗೆ ಹೋಗತೊಡಗಿತು, ನಲವತ್ತು ನಿಮಿಷದ ದಾರಿ. ಆವತ್ತು ಹಾಮಿಯೂ ಅಲ್ಲಿದ್ದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು; ಅದನ್ನು ಚಮಚದಿಂದ ತೆಗೆಯುವುದರಲ್ಲಿ ಮಾತು ಬೇರೆ ಕಡೆಗೆ ಹೋಗಿತ್ತು.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಬಸಿಗಾಲುವೆ ಮುಚ್ಚಿದವನು ನಾನು.

ನಮ್ಮ ಮನೆಗಳ ಹಿಂದೆ ಗುಡ್ಡ. ಗುಡ್ಡದ ಬುಡದಲ್ಲಿ ಹಾಮಿಯ ಅಪ್ಪ ತೋಡಿದ ಕಾಲುವೆಯೊಂದಿತ್ತು. ಮೇಲಿನ ಮಳೆನೀರನ್ನು ಹಿಡಿದು ಪಕ್ಕದ ತೊರೆಗೆ ಸಾಗಿಸುತ್ತಿತ್ತು. ಅದರ ಕೆಳಗೆ ನಾಲ್ಕೂ ಮನೆಯವರ ಹುಲ್ಲುಬಯಲು, ಬಯಲಲ್ಲಿ ಒಂದು ಹಳೆಯ ಪುರಿರಿ ಮರ, ಮರದಿಂದ ಹದಿನೈದು ಹೆಜ್ಜೆ ಇಳಿದರೆ ಟ್ಯಾಂಕು. ಎರಡು ವರ್ಷದ ಹಿಂದೆ ಹಾಮಿಯ ಅಮ್ಮ ತೀರಿ ವರ್ಷವಾದಾಗ, ನೆಂಟರನ್ನೆಲ್ಲ ಕರೆದು ಸಮಾಧಿಯ ಕಲ್ಲಿನ ಮುಸುಕು ತೆಗೆಯುವ ದಿನ ಬಯಲಲ್ಲಿ ದೊಡ್ಡ ಡೇರೆ ಹಾಕಬೇಕಾಗಿತ್ತು. ವಾಹನ ನಿಲ್ಲುತ್ತಿದ್ದದ್ದು ಕಾಲುವೆಯ ಆಚೆ. ಕೋಲೂರಿಕೊಂಡು ಬರುವ ಮುದುಕಿಯರು ಕಾಲುವೆ ದಾಟಬೇಕು. ಯಾರಾದರೂ ಜಾರಿ ಬಿದ್ದರೆ? ಈ ಯೋಚನೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು ಕೊನೆಗೆ ಹಾಮಿ ಒಬ್ಬನೇ ಎರಡು ದಿನ ಮಣ್ಣು ಹೊತ್ತು ಕಾಲುವೆ ಮುಚ್ಚಿದ, ಸೋಮವಾರ ಮತ್ತೆ ತೆಗೆದರಾಯಿತು ಎಂದುಕೊಂಡು. ಮುದುಕಿಯರು ದೋಣಿಯಲ್ಲಿ ತೇಲಿಬಂದ ಹಾಗೆ ಸಲೀಸಾಗಿ ಬಂದರು. ಒಬ್ಬ ಚಿಕ್ಕಪ್ಪ ಬೂಟಿನಿಂದ ನೆಲ ತಟ್ಟಿ ನೋಡಿ, "ಯಾರೋ ಇದನ್ನ ಸಮ ಮಾಡಿದ್ದು? ಇಸ್ತ್ರಿ ಮಾಡಿದ ಹಾಗಿದೆಯಲ್ಲೋ!" ಎಂದ. ಐವತ್ತನಾಲ್ಕು ವರ್ಷದಲ್ಲಿ ಹಾಮಿಯ ಕೈಕೆಲಸವನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಸೋಮವಾರ ಗುದ್ದಲಿ ಹಿಡಿದು ಹೋದವನು ಆ ನೆಲವನ್ನು ನೋಡುತ್ತ ನಿಂತ. ಮುಂದಿನ ವಾರ ನೋಡೋಣ ಎಂದುಕೊಂಡ. ಹುಲ್ಲು ಬಂತು. ಮಕ್ಕಳು ಚೆಂಡಾಡಿದರು. ಹೋದ ಚಳಿಗಾಲದ ಮಳೆ ಸಣ್ಣದು, ಟ್ಯಾಂಕು ಹೇಗೋ ತಡೆದುಕೊಂಡಿತು. ತಪ್ಪಿನ ಮೇಲೆ ಹುಲ್ಲು ಬೆಳೆದ ಮೇಲೆ ಅದನ್ನು ಅಗೆಯುವುದಕ್ಕೆ ಬೇರೆಯೇ ಥರದ ಧೈರ್ಯ ಬೇಕು. ಇನ್ನೂ ನಾಚಿಕೆಯ ವಿಷಯವೆಂದರೆ, ಟ್ಯಾಂಕಿನ ಮೇಲ್ಗಡೆಯ ಕಾಲುವೆ ಮುಚ್ಚಬಾರದೆಂದು ತಿಳಿಯದೆ ಮಾಡಿದ್ದಲ್ಲ. ಅವನು ಎರಡು ಚಳಿಗಾಲ, ಪ್ರತಿ ಬುಧವಾರ ಸಂಜೆ ಪೇಟೆಯ ಹೈಸ್ಕೂಲಿಗೆ ಹೋಗಿ ಚರಂಡಿಯ ಪಾಠ ಕಲಿತವನು. ಏಳು ಜನ ವಿದ್ಯಾರ್ಥಿಗಳು, ಅವನೇ ಹಿರಿಯ. ಬೆಂಚು ಚಿಕ್ಕದಾಗಿ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮೊದಲನೆಯ ಪಾಠವೇ ಅದು: ನೀರು ಸೋಮಾರಿ, ಇಳಿಜಾರು ತೋರಿಸಿದ ಕಡೆ ಹೋಗುತ್ತದೆ, ತೋರಿಸದಿದ್ದರೆ ನಿಮ್ಮ ಟ್ಯಾಂಕಿಗೆ ಬರುತ್ತದೆ. ಸರ್ಟಿಫಿಕೇಟನ್ನು ರಿಪೆಕಾ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಳು. ಈಚೆಗೆ ಹಾಮಿ ಊಟಕ್ಕೆ ಅದರ ಕಡೆ ಬೆನ್ನುಮಾಡಿ ಕೂರುತ್ತಿದ್ದ.

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಮೂರು ವಾರದ ಹಿಂದೆ ಮಾಕರೆತಾ ಅತ್ತೆ ಬಯಲಲ್ಲಿ ನಡೆಯುವಾಗ ಟ್ಯಾಂಕಿನ ಹತ್ತಿರ ನೆಲದಿಂದ ನೀರು ಬುಳುಬುಳು ಏಳುವುದನ್ನು ಕಂಡರು. ಟ್ಯಾಂಕಿನ ಮುಚ್ಚಳ ಹುಲ್ಲಿನಡಿ ಹೂತುಹೋಗಿ ವರ್ಷಗಳಾಗಿದ್ದವು. ಅದು ಸರಿಯಾಗಿ ಎಲ್ಲಿದೆಯೆಂದು ತಿಳಿದಿದ್ದವನು ಹಾಮಿಯೊಬ್ಬನೇ. ಅತ್ತೆ ಕೋಲು ಊರಿ ನಿಂತು ಅತ್ತುಬಿಟ್ಟರು. ಅವರ ಅಜ್ಜಿಯ ಕಾಲದಲ್ಲಿ ಪುರಿರಿ ಮರದ ಕೆಳಗೆ ಒಂದು ಒರತೆ ಇತ್ತಂತೆ. ಹುಟ್ಟಿದ ಮಕ್ಕಳಿಗೆಲ್ಲ ಮೊದಲ ಸ್ನಾನ ಅದರ ನೀರಿನಿಂದಲೇ. ಮೇಲೆ ರಸ್ತೆ ಕಡಿದ ವರ್ಷ ಅದು ಬತ್ತಿತು. ಅತ್ತೆಗೆ ಆಗ ಒಂಬತ್ತು ವರ್ಷ. "ಬಂತು ಕಣ್ರೋ, ವಾಪಸ್ ಬಂತು" ಎಂದು ಅವರು ಮನೆಮನೆಗೆ ಹೋಗಿ ಕರೆದು ತಂದು ತೋರಿಸಿದರು. ನಾವೆಲ್ಲ ನೋಡಿದೆವು. ನಮಗೂ ಬೇಕಾಗಿತ್ತೇನೋ, ನಂಬಿದೆವು. ಶನಿವಾರ ಅವರಿಗೆ ಎಂಬತ್ತು. ನೂರೈವತ್ತು ಜನ ಬರುವವರಿದ್ದರು. ಹನ್ನೊಂದು ಗಂಟೆಗೆ ಪಾದ್ರಿ ಬಂದು ನೀರಿನ ಮುಂದೆ ಪ್ರಾರ್ಥನೆ ಹೇಳುವುದು, ಆಮೇಲೆ ಅತ್ತೆ ಅಜ್ಜಿಯ ಎನಾಮಲ್ ಲೋಟದಲ್ಲಿ ಮೊದಲ ಗುಟುಕು ಕುಡಿಯುವುದು ಎಂದು ತೀರ್ಮಾನವಾಗಿತ್ತು. ಅವಳಿ ಹುಡುಗಿಯರು ಕೈ ಅದ್ದಬಾರದೆಂದು ಹಾಮಿ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ. ಪ್ರಾರ್ಥನೆ ಆಗುವ ತನಕ ಯಾರೂ ಮುಟ್ಟಕೂಡದು ಎಂದು ಗಂಭೀರವಾಗಿ ಹೇಳಿದ. ಅತ್ತೆಗೆ ಹೃದಯ ತುಂಬಿಬಂತು. "ನೋಡಿ, ಹಿರಿಯರ ಭಯಭಕ್ತಿ ಅಂತ ಉಳಿದಿದ್ರೆ ಇವನೊಬ್ಬನಲ್ಲೇ" ಎಂದು ಎಲ್ಲರೆದುರಿಗೆ ಅವನ ಕೆನ್ನೆ ತಟ್ಟಿದರು. ಆ ಕೆನ್ನೆ ಆ ಸಂಜೆಯವರೆಗೂ ಉರಿಯುತ್ತಿತ್ತು ಎಂದು ಹಾಮಿ ಹೇಳಿದ.

ಶಾಲೆಯ ಬಸ್ಸು ಓಡಿಸುವುದು ಅವನ ಕೆಲಸ. ಆ ಗುರುವಾರ ಸೇತುವೆಯ ಹತ್ತಿರ ಅನಾಹೆರಾಳ ಕಾರು ಹಿಂದಿನಿಂದ ಬಂದು, ಹಾರ್ನ್ ಮಾಡಿ, ಮುಂದೆ ಹೋಯಿತು. ಅವಳು ಕಿಟಕಿಯಿಂದ ಕೈ ಬೀಸಿದಳು. ಅವಳಿಗಳೂ ಬೀಸಿದವು. ಹಿಂದಿನ ಸೀಟಿನ ಬುಟ್ಟಿಯಲ್ಲಿ ಮಲಗಿದ್ದ ಬಟ್ಟೆಯೂ ಕೈ ಬೀಸಿದಂತೆ ಹಾಮಿಗೆ ಕಂಡಿತು. ಎಷ್ಟು ಸುಲಭ, ಅವನಂದುಕೊಂಡ, ಕಾರು ನಿಲ್ಲಿಸಿ ಹೇಳಿಬಿಡುವುದು. ಆದರೆ ಇಪ್ಪತ್ತೆರಡು ಮಕ್ಕಳನ್ನು ಬಸ್ಸಲ್ಲಿ ಕೂರಿಸಿಕೊಂಡು ಸಂಡಾಸಿನ ವಿಷಯಕ್ಕೆ ರಸ್ತೆಯಲ್ಲಿ ನಿಲ್ಲುವುದು ನಿಯಮಕ್ಕೆ ವಿರುದ್ಧ. ನಿಯಮಗಳ ವಿಷಯದಲ್ಲಿ ಅವನು ತುಂಬ ಕಟ್ಟುನಿಟ್ಟು. ಹೀಗೆ ನಿಯಮವನ್ನು ನೆನೆಸಿಕೊಂಡು ಸಮಾಧಾನಪಟ್ಟು, ಸಮಾಧಾನಪಟ್ಟದ್ದಕ್ಕೆ ನಾಚಿಕೆಪಟ್ಟು, ಶಾಲೆಯ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟ. ಮಕ್ಕಳು ಹೋ ಎಂದು ಕೂಗಿದರು. ರಜೆ ಸಿಕ್ಕಿತೆಂದು ಒಬ್ಬ ಸೀಟಿನ ಮೇಲೆ ಹತ್ತಿ ಕುಣಿದ.

ಬಸ್ಸು ಬಿಟ್ಟು ಬಂದರೆ ಮಧ್ಯಾಹ್ನದ ಊಟಕ್ಕೆ ಬಾ ಎಂದು ಅತ್ತೆಯ ಕರೆ. ಹಂದಿ ಎಲುಬು, ಆಲೂಗಡ್ಡೆ, ಹಿಟ್ಟಿನ ಉಂಡೆ, ತೊರೆಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು. ಕನ್ನಡಕಕ್ಕೆ ಹಬೆ ಕಟ್ಟಿ ಹಾಮಿಗೆ ಒಂದು ಕ್ಷಣ ಏನೂ ಕಾಣಲಿಲ್ಲ. ಆ ಒಂದು ಕ್ಷಣ ಅವನು ನಿಜವಾಗಿ ಸುಖವಾಗಿದ್ದ. ಆಮೇಲೆ ತಟ್ಟೆ ಬಂತು. ತಟ್ಟೆಯ ತುಂಬ ಸೊಪ್ಪು, ಹಸಿರಾಗಿ, ಕೊಬ್ಬಿದ ಸೊಪ್ಪು. ಬಯಲಲ್ಲಿ ಹಗ್ಗದ ಬೇಲಿಯೊಳಗೆ ಇಂಥದೇ ಸೊಪ್ಪು ಹತ್ತು ದಿನದಲ್ಲಿ ಮೊಣಕಾಲೆತ್ತರ ಎದ್ದಿದ್ದನ್ನು ಅವನು ನಿನ್ನೆ ತಾನೇ ನೋಡಿದ್ದ.

"ಸೊಪ್ಪು ಎಲ್ಲಿಂದು ಅತ್ತೆ?"

"ತಿನ್ನೋ ಮೊದ್ಲು. ಎಲ್ಲಿಂದು ಅಂತ ಕೇಳಿ ತಿನ್ನೋಕೆ ನೀನೇನು ಹೋಟ್ಲಿಗೆ ಬಂದಿದೀಯಾ?"

ಹಾಮಿ ಒಂದು ಎಸಳನ್ನು ಮುಳ್ಳುಚಮಚದಿಂದ ಎತ್ತಿದ. ಅತ್ತೆ ನೋಡುತ್ತಿದ್ದರು. ಬಾಯಿಗಿಟ್ಟ. ಅಗಿದ. ಇದೇ ಶಿಕ್ಷೆ ಇರಬೇಕು, ಇಷ್ಟೇ ಆದರೆ ಒಳ್ಳೆಯದೇ, ಒಂದು ತಟ್ಟೆ ತಿಂದು ಮುಗಿಸಿದರೆ ಲೆಕ್ಕ ಚುಕ್ತಾ ಆಗುವುದಾದರೆ ಇನ್ನೊಂದು ತಟ್ಟೆಯನ್ನೂ ಕೇಳುತ್ತೇನೆ ಎಂದುಕೊಂಡು ನುಂಗಿದ. ರುಚಿಯಾಗಿತ್ತು. ಅದು ಅವನನ್ನು ಇನ್ನೂ ಕಂಗೆಡಿಸಿತು.

"ಸೇತುವೆ ಹತ್ರದ ತೊರೇದು" ಎಂದರು ಅತ್ತೆ, ಅವನು ಪೂರಾ ನುಂಗಿದ ಮೇಲೆ. "ಒರತೆ ಹತ್ರ ಬೆಳ್ದಿದ್ದನ್ನ ಪ್ರಾರ್ಥನೆಗೆ ಮುಂಚೆ ಕೀಳ್ತಾರೇನೋ? ನೀನೇ ಹಗ್ಗ ಕಟ್ಟಿದ್ದು, ನೀನೇ ಮರೀತೀಯಲ್ಲ. ಅಲ್ಲಾ, ಯಾಕೋ ಬೆವರ್ತಿದೀಯ? ಜ್ವರಾನಾ?"

"ಇಲ್ಲ ಅತ್ತೆ. ಬಿಸಿ. ಊಟ ಬಿಸಿ ಇದೆ."

ಅತ್ತೆ ಎದ್ದು ಕಪಾಟಿನಿಂದ ಎನಾಮಲ್ ಲೋಟ ತಂದು ಮೇಜಿನ ಮೇಲಿಟ್ಟರು. ಬಿಳಿ, ನೀಲಿ ಅಂಚು, ಒಂದು ಕಡೆ ಬಣ್ಣ ಎದ್ದು ಕಪ್ಪು ಚುಕ್ಕೆ. ಸೆರಗಿನಂತೆ ಇಳಿಬಿದ್ದ ಏಪ್ರನ್ನಿನ ಅಂಚಿನಿಂದ ಅದನ್ನು ಉಜ್ಜುತ್ತ, "ಅಜ್ಜಿ ಇದರಲ್ಲೇ ಮೊಗೆದು ಕೊಡೋಳು. ಹಲ್ಲು ಜುಮ್ ಅನ್ನೋ ಅಷ್ಟು ತಣ್ಣಗೆ. ಈಗ ಜುಮ್ ಅನ್ನೋಕೆ ಹಲ್ಲಿಲ್ಲ, ಇರ್ಲಿ" ಎಂದು ನಕ್ಕರು. ಆ ನಗುವಿನಲ್ಲಿ ಒಂಬತ್ತು ವರ್ಷದವಳೊಬ್ಬಳು ಇಣುಕಿ ಹೋದಳು. ಹಾಮಿ ತಟ್ಟೆಯನ್ನು ತೊಳೆದಿಟ್ಟು ಹೊರಗೆ ಬಂದ. ಶನಿವಾರ ಈ ಹೆಂಗಸು ನಾಲ್ಕು ಮನೆಯ ಕೊಳಚೆಯನ್ನು ಆ ಲೋಟದಲ್ಲಿ ಕುಡಿಯುತ್ತಾಳೆ, ನೂರೈವತ್ತು ಜನ ಹಾಡುತ್ತಾರೆ, ನಾನು ಹಗ್ಗ ಬಿಚ್ಚುತ್ತೇನೆ. ಇವತ್ತು ಹೇಳದಿದ್ದರೆ ಹೀಗೇ ಆಗುತ್ತದೆ. ಆದರೆ ಹೇಳಿದರೆ ಆ ಒಂಬತ್ತು ವರ್ಷದವಳನ್ನು ಮತ್ತೆ ಬತ್ತಿದ ಒರತೆಯ ಮುಂದೆ ನಿಲ್ಲಿಸಿದ ಹಾಗೆ. ಆಗ ಅವನಿಗೆ ಒಂದು ಆಸೆ ಹುಟ್ಟಿತು. ಯಾರಿಗೆ ಗೊತ್ತು, ಒರತೆ ನಿಜವೇ ಇರಬಹುದು. ಮಳೆನೀರು ಬೇರೆ, ಇದು ಬೇರೆ ಇರಬಹುದು. ತಾನು ಕಲಿತದ್ದು ಎರಡು ಚಳಿಗಾಲದ ಪಾಠ. ಅತ್ತೆಯದು ಎಂಬತ್ತು ವರ್ಷದ್ದು.

ಆ ಬುಧವಾರದ ಪಾಠಗಳಲ್ಲಿ ಕೊಟ್ಟಿದ್ದ ಪುಡಿಯ ಎರಡು ಪೊಟ್ಟಣ ಒಂಬತ್ತು ವರ್ಷದಿಂದ ಸಾಕ್ಸಿನ ಡ್ರಾಯರಿನಲ್ಲಿದ್ದವು. ನೋಡಲು ಇಟ್ಟಿಗೆಪುಡಿ, ನೀರಿಗೆ ಬಿದ್ದರೆ ಕಣ್ಣು ಕುಕ್ಕುವ ಹಸಿರು. ಸಂಡಾಸಿಗೆ ಹಾಕಿ ನೀರು ಬಿಟ್ಟು, ಹೊರಗೆ ಎಲ್ಲಿ ಹಸಿರು ಏಳುತ್ತದೆ ನೋಡಬೇಕು. ಬಯಲಲ್ಲಿ ಏಳದಿದ್ದರೆ ಒರತೆ ನಿಜ, ಅತ್ತೆ ನಿಜ, ಹಾಮಿ ನಿರಪರಾಧಿ. ಬಾಗಿಲು ಹಾಕಿಕೊಂಡು ಪೊಟ್ಟಣ ಹರಿದ. ಒಂಬತ್ತು ವರ್ಷದಲ್ಲಿ ಅಂಟಿಕೊಂಡಿದ್ದ ಪುಡಿ ಹೊರಬರಲೊಲ್ಲದೆ, ಬಂದಾಗ ಒಮ್ಮೆಲೇ ಎಲ್ಲ ಬಂತು, ಅರ್ಧ ಸಂಡಾಸಿಗೆ, ಅರ್ಧ ಕೈ ಮೇಲೆ. ನೀರು ಬಿಟ್ಟ. ಕೈ ತೊಳೆದ. ತೊಳೆದಷ್ಟೂ ಹಸಿರಾಯಿತು. ಸೋಪು ಹಸಿರಾಯಿತು, ನಲ್ಲಿ ಹಸಿರಾಯಿತು, ರಿಪೆಕಾಳ ಬಿಳಿ ಟವೆಲು ಹಸಿರಾಯಿತು. ಟವೆಲನ್ನು ಕೋಟಿನೊಳಗೆ ತುರುಕಿ, ಕೈಗಳನ್ನು ಜೇಬಿಗೆ ಹಾಕಿ, ಏನೂ ಆಗಿಲ್ಲವೆಂಬಂತೆ ಶಿಳ್ಳೆ ಹಾಕುತ್ತ ಬಯಲಿಗೆ ಹೋಗಿ ಹಗ್ಗದ ಬೇಲಿಯ ಪಕ್ಕ ನಿಂತ. ಅವನಿಗೆ ಶಿಳ್ಳೆ ಹಾಕಲು ಬರುವುದಿಲ್ಲ. ಬರೀ ಗಾಳಿ.

ಹತ್ತು ನಿಮಿಷವಾಯಿತು. ನೀರು ತಿಳಿಯಾಗಿ ಬುಳುಬುಳು ಎನ್ನುತ್ತಿತ್ತು. ಪುರಿರಿ ಮರದ ಮೇಲೆ ಒಂದು ದಪ್ಪ ಪಾರಿವಾಳ ಕೂತು ಹಣ್ಣು ನುಂಗುತ್ತಿತ್ತು. ಹದಿನೈದು ನಿಮಿಷ. ಹಾಮಿಗೆ ಎದೆಯೊಳಗೆ ಏನೋ ಸಡಿಲವಾಗತೊಡಗಿತು. ಅಮ್ಮನ ಕಲ್ಲಿನ ದಿನ ಆ ಚಿಕ್ಕಪ್ಪ ಬೂಟಿನಿಂದ ನೆಲ ತಟ್ಟಿದ್ದು ಮತ್ತೆ ಕೇಳಿಸಿತು. ಒರತೆಯೇ. ದೇವರೇ, ಒರತೆಯೇ. ಅವನು ಕೆಳಗೆ ಕೂತು, ಜೀವನದಲ್ಲಿ ಮೊದಲ ಸಲ, ಆ ನೀರನ್ನು ಪ್ರೀತಿಯಿಂದ ನೋಡಿದ. ನೋಡುತ್ತಿದ್ದ ಹಾಗೇ ನೀರಿನ ನಡುವೆ ಒಂದು ಎಳೆ ಹೊರಬಂತು, ಹಸಿರು ದಾರದ ತುದಿಯಂತೆ. ಆಮೇಲೆ ಉಂಡೆಯೇ ಬಿಚ್ಚಿತು.

"ಅಮ್ಮಾ! ಹಸಿರು! ನೀರು ಹಸಿರಾಯ್ತು!"

ಅವಳಿಗಳು ಯಾವಾಗ ಬಂದವೋ. ಅನಾಹೆರಾ ಪೇಟೆಯಿಂದ ಆಗಷ್ಟೇ ಬಂದು ಬುಟ್ಟಿ ಇಳಿಸುತ್ತಿದ್ದಳು. ಕೂಗು ಕೇಳಿ ಓಡಿಬಂದಳು, ರಿಪೆಕಾ ಬಂದಳು, ನಾನು ಬಂದೆ, ಊಟಕ್ಕೆ ಬಂದಿದ್ದ ರೇವಿ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಬಂದ. ಕೊನೆಗೆ ಕೋಲೂರಿಕೊಂಡು ಅತ್ತೆ. ಹಸಿರು ನೀರು ಹಗ್ಗದ ಕೆಳಗೆ ನುಸುಳಿ ನಮ್ಮ ಗಂಬೂಟುಗಳ ಕಡೆ ಹರಿದುಬರುತ್ತಿತ್ತು. ಅತ್ತೆ ಬಗ್ಗಿ ನೋಡಿದರು, ನೆಟ್ಟಗಾದರು.

"ಈ ಪುಡಿ ನಂಗೊತ್ತು. ಸ್ಕೂಲಲ್ಲಿ ಇಪ್ಪತ್ತೆಂಟು ವರ್ಷ ಸಂಡಾಸು ತೊಳ್ದೋಳು ನಾನು. ಪೈಪು ಒಡೆದಾಗ ಇಂಥದೇ ತಂದು ಹಾಕೋರು. ಯಾರ ಮನೇಲಿ ಹಾಕಿದ್ದು?"

ಹಾಮಿ ಪಾರಿವಾಳವನ್ನು ನೋಡಿದ.

"ಹಾಮಿ. ಕೈ ತೆಗಿ ಜೇಬಿಂದ."

ಐವತ್ತಾರು ವರ್ಷದ ಗಂಡಸು, ಸರ್ಟಿಫಿಕೇಟು ಪಡೆದವನು, ಮಗುವಿನ ಹಾಗೆ ಎರಡೂ ಕೈ ಹೊರತೆಗೆದು ಮುಂದೆ ಚಾಚಿದ. ಮಣಿಕಟ್ಟಿನವರೆಗೆ ಹಸಿರು. ಕೈಯ ಜೊತೆ ಟವೆಲೂ ಕೋಟಿನಿಂದ ಜಾರಿ ಕೆಳಗೆ ಬಿತ್ತು. "ನನ್ನ ಟವೆಲು!" ಎಂದಳು ರಿಪೆಕಾ. ರೇವಿ ನಕ್ಕ ರಭಸಕ್ಕೆ ಬ್ರೆಡ್ಡು ನೆಲಕ್ಕೆ ಬಿತ್ತು. ಹಾಮಿ ಹೇಳಿದ. ಎಲ್ಲ ಹೇಳಿದ: ಮುದುಕಿಯರು, ಎರಡು ದಿನದ ಮಣ್ಣು, ಸೋಮವಾರ, ಚಿಕ್ಕಪ್ಪನ ಬೂಟು, ಹುಲ್ಲು. ಗುಡ್ಡದ ನೀರು ನೇರ ಇಳಿದು ಟ್ಯಾಂಕಿಗೆ ನುಗ್ಗುತ್ತದೆ, ಟ್ಯಾಂಕು ತುಂಬಿ ಇಲ್ಲಿ ಉಕ್ಕುತ್ತದೆ, ಅನಾಹೆರಾಳ ಮಷೀನಿಗೂ ಇದಕ್ಕೂ ಸಂಬಂಧವೇ ಇಲ್ಲ, ತನಗೆ ಮೊದಲ ದಿನದಿಂದ ಗೊತ್ತಿತ್ತು. ಒಂದೇ ವಾಕ್ಯವೆಂದುಕೊಂಡಿದ್ದದ್ದು ಮುಗಿಯುವ ಹೊತ್ತಿಗೆ ಅವಳಿಗಳು ಬೇಸತ್ತು ಆಟಕ್ಕೆ ಹೋಗಿದ್ದವು.

ಮೊದಲು ಮಾತಾಡಿದವಳು ಅನಾಹೆರಾ. "ಮೂರು ವಾರ ಮಾವಾ! ಲಾಂಡ್ರಿಯವಳಿಗೆ ನನ್ನ ಮಕ್ಕಳ ಚಡ್ಡಿಗಳೆಲ್ಲ ಹೆಸರು ಹಿಡಿದು ಗೊತ್ತು. ಡ್ರೈಯರ್ ತಿರುಗೋದನ್ನ ನೋಡಿ ನೋಡಿ ನಂಗೆ ಕನಸಲ್ಲೂ ಸುತ್ತುತ್ತೆ."

"ತಪ್ಪಾಯ್ತು ತಾಯಿ" ಎಂದ ಹಾಮಿ. ಅವನ ಕಣ್ಣು ತುಂಬಿತ್ತು, ಒರೆಸಿಕೊಂಡ. ಕೆನ್ನೆ ಹಸಿರಾಯಿತು. ಅನಾಹೆರಾ ತುಟಿ ಕಚ್ಚಿಕೊಂಡು ತಡೆದಳು, ತಡೆದಳು, ಆಗಲಿಲ್ಲ. ಅವಳು ನಕ್ಕಮೇಲೆ ನಮಗೆಲ್ಲ ಅಪ್ಪಣೆ ಸಿಕ್ಕಂತಾಯಿತು.

"ನಂಗೂ ಗೊತ್ತಿತ್ತು ಕಣೋ" ಎಂದ ರೇವಿ, ಕಣ್ಣೊರೆಸಿಕೊಳ್ಳುತ್ತ. "ಕಾಲುವೆ ಮುಚ್ಚಿದ್ದು ನನ್ನ ಕಣ್ಣಿಗೆ ಕಾಣಲ್ವಾ? ಡಿಗ್ಗರ್ ಓಡಿಸಿ ಹೊಟ್ಟೆ ಹೊರ್ಕೊಳ್ಳೋನು ನಾನು. ನೀನು ಸರ್ಟಿಫಿಕೇಟ್ ಇರೋನು, ಇದೇನೋ ಹೊಸ ವಿಧಾನ ಇರ್ಬೇಕು ಅಂತ ಸುಮ್ನಿದ್ದೆ."

ಆದರೆ ಹಾಮಿ ನೋಡುತ್ತಿದ್ದದ್ದು ಅತ್ತೆಯನ್ನು. ಅವರು ನಕ್ಕಿರಲಿಲ್ಲ. ಹಸಿರು ನೀರನ್ನೇ ನೋಡುತ್ತ ಕೋಲಿನ ತುದಿಯನ್ನು ಅದರಲ್ಲಿ ಒಮ್ಮೆ ಅದ್ದಿ ತೆಗೆದರು.

"ಎಂಬತ್ತು ವರ್ಷಕ್ಕೆ ನನ್ನ ಮೂಗು ಸತ್ತಿದೆ ಅಂದ್ಕೊಂಡ್ಯಾ?" ಎಂದರು ಅತ್ತೆ. "ನಾತ ನಂಗೂ ಬಂದಿತ್ತು ಕಣೋ. ಎಪ್ಪತ್ತೊಂದು ವರ್ಷ ಆಯ್ತಲ್ಲ ಹೋಗಿ, ನನ್ನ ಹಾಗೇ ಮುದಿಯಾಗಿ ಬಂದಿದೆ, ಸ್ವಲ್ಪ ವಾಸನೆ ಇದ್ರೆ ಇರ್ಲಿ, ಬಂತಲ್ಲ ಅಂದ್ಕೊಂಡೆ." ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಅಯ್ಯೋ, ಪಾದ್ರಿಗೆ ಎರಡನೇ ಲೋಟ ಕೊಡೋಣ ಅಂತಿದ್ದೆನಲ್ಲೋ!" ಕೋಲು ಕೈಬಿಟ್ಟು, ಹಾಮಿಯ ಭುಜ ಹಿಡಿದು, ಉಸಿರು ಸಿಕ್ಕಿಹಾಕಿಕೊಳ್ಳುವ ತನಕ ನಕ್ಕರು. ನಗು ನಿಂತ ಮೇಲೂ ಭುಜ ಬಿಡಲಿಲ್ಲ. "ಅದು ಮರದ ಹತ್ರ ಇತ್ತು ಅಂತ ನಂಗೆ ಗೊತ್ತಿತ್ತು. ಹದಿನೈದು ಹೆಜ್ಜೆ ಕೆಳಗೆ ಬಂದು ಹುಡುಕಿದ್ದು ನನ್ನ ಆಸೆ. ನಿನ್ನದೊಂದು ತಪ್ಪು, ನನ್ನದೊಂದು. ಹೋಗು, ಗುದ್ದಲಿ ತಾ."

ರೇವಿ ಮಣ್ಣು ಅಗೆಯುವ ತನ್ನ ಡಿಗ್ಗರ್ ತಂದ. ಎರಡು ದಿನ ಹೊತ್ತ ಮಣ್ಣು ಒಂದೂವರೆ ಗಂಟೆಯಲ್ಲಿ ಮೇಲೆದ್ದು ಬಂತು. ಇಸ್ತ್ರಿ ಮಾಡಿದ ನೆಲ ಹೊಟ್ಟೆ ಸೀಳಿಕೊಂಡು ಮಲಗಿತು. ಹಾಮಿಗೆ ಹಲ್ಲು ಕಿತ್ತ ಮೇಲಿನ ನೋವಿನ ಹಾಗೆ, ನೋವೂ ಹೌದು ಹಾಯಿಯೂ ಹೌದು. ಎರಡೂಮುಕ್ಕಾಲಿಗೆ ಶಾಲೆಗೆ ಬಸ್ಸು ಒಯ್ಯಬೇಕಾಗಿ ಬಂತು. ಹಸಿರು ಕೈ, ಹಸಿರು ಕೆನ್ನೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತುವಾಗ ಅವನ ಮುಖ ನೋಡಿ, ಸ್ಟೀರಿಂಗ್ ನೋಡಿ, ಹಿಂದಕ್ಕೆ ಹೋಗಿ ಪಿಸುಗುಟ್ಟಿದರು. ಬೆಳಿಗ್ಗೆ ತಿರುವು ತಪ್ಪಿದವನು ಸಂಜೆ ಒಂದು ನಿಲ್ದಾಣವನ್ನೂ ತಪ್ಪಿಸಲಿಲ್ಲ. ಹಿಂದಿರುಗುವಾಗ ಖಾಲಿ ಬಸ್ಸಿನಲ್ಲಿ ಅವನು ಶಿಳ್ಳೆ ಹಾಕಿದ. ಬರೀ ಗಾಳಿಯೇ, ಆದರೆ ಈ ಸಲ ಅದಕ್ಕೊಂದು ರಾಗವಿತ್ತು.

ಅವನಿಗಾಗಿ ನಾವು ಕಾದಿದ್ದೆವು. ಮೇಲ್ತುದಿಯಲ್ಲಿ ಒಂದು ಮೊಳ ಮಣ್ಣನ್ನು ಹಾಗೇ ಬಿಟ್ಟಿದ್ದ ರೇವಿ. ಮಳೆ ಹನಿಯತೊಡಗಿತ್ತು. ಹಾಮಿ ಗುದ್ದಲಿ ಎತ್ತಿ ಹಾಕಿದ, ಮೂರನೆಯ ಏಟಿಗೆ ಮಣ್ಣು ಕುಸಿಯಿತು. ಗುಡ್ಡದ ನೀರು ಅಂಚಿಗೆ ಬಂದು ಒಮ್ಮೆ ತಡೆಯಿತು. ಎರಡು ವರ್ಷದ ರೂಢಿ ಬಿಡಬೇಕಲ್ಲ. ಆಮೇಲೆ ಬಲಕ್ಕೆ ಹೊರಳಿ, ಕಡ್ಡಿಕಸವನ್ನು ಮುಂದಕ್ಕೆ ತಳ್ಳಿಕೊಂಡು, ತೊರೆಯ ಕಡೆ ಓಡಿತು. ಅವಳಿಗಳು ಅದರ ಪಕ್ಕದಲ್ಲಿ ಓಡಿದವು. ಅತ್ತೆ ಮನೆಯ ಬಾಗಿಲಿಂದ ಚಪ್ಪಾಳೆ ತಟ್ಟಿದರು.

ಶುಕ್ರವಾರ ಪೇಟೆಯ ಲಾರಿ ಬಂದು ಟ್ಯಾಂಕು ಬರಿದು ಮಾಡಿ, ಮುಚ್ಚಳದ ಸಂದಿಗೆ ಸಿಮೆಂಟು ಮೆತ್ತಿ ಹೋಯಿತು. ಶನಿವಾರ ಎಂಬತ್ತರ ಹಬ್ಬ ನಡೆಯಿತು. ನೂರೈವತ್ತಲ್ಲ, ನೂರಾ ಎಂಬತ್ತು ಜನ. ಪಾದ್ರಿ ಪ್ರಾರ್ಥನೆ ಹೇಳಿದ್ದು ಕಾಲುವೆಯ ಮುಂದೆ: ದಾರಿ ತಪ್ಪಿದ ನೀರು ದಾರಿಗೆ ಬಂದದ್ದೂ ಸಣ್ಣದಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಕೋಲಿನ ಮುದುಕಿಯರಿಗೆ ದಾಟಲು ರೇವಿ ಎರಡು ಹಲಗೆ ಹಾಕಿದ್ದ; ಅಷ್ಟು ಸುಲಭದ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಹಾಮಿ ಹಲಗೆಯನ್ನು ಬಹಳ ಹೊತ್ತು ನೋಡಿದ. ಮುದುಕಿಯರನ್ನು ಕೈಹಿಡಿದು ದಾಟಿಸಿದ, ಹಸಿರು ಕೈಯಿಂದ. ಅನಾಹೆರಾ ವಿಧಿಸಿದ ಶಿಕ್ಷೆಯಂತೆ ಅತಿಥಿಗಳೆಲ್ಲರ ಎದುರಿಗೆ ಅವಳ ಮನೆಯ ಬಟ್ಟೆಯನ್ನು ತಂತಿಗೆ ಹಾಕಿದ; ಮೈಬಟ್ಟೆ ಒಂದು ತಂತಿಗೆ, ಒರಸುಬಟ್ಟೆ ಇನ್ನೊಂದಕ್ಕೆ. "ಎಡಗಡೆ ಚಡ್ಡಿ ವಾರೆಯಾಗಿದೆ ಮಾವಾ" ಎಂದು ಅವಳು ಡೇರೆಯಿಂದ ಕೂಗುತ್ತಿದ್ದಳು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹದಿನೈದು ದಿನವಾದ ಮೇಲೆ, ಬಯಲೆಲ್ಲ ಒಣಗಿ ಹೆಜ್ಜೆ ಇಟ್ಟರೆ ಗಟ್ಟಿಯಾಗಿ ನಿಲ್ಲುವಂತಾದ ಮೇಲೆ, ಪುರಿರಿ ಮರದ ಬೇರಿನ ಮಗ್ಗುಲಲ್ಲಿ ಅಂಗೈಯಷ್ಟು ಜಾಗ ಮಾತ್ರ ಒದ್ದೆಯಾಗಿಯೇ ಉಳಿಯಿತು. ಬೆರಳಿಂದ ಕೆದಕಿದರೆ ನೀರು ತುಂಬುತ್ತದೆ. ಕಾಲುವೆಯ ನೀರೇ ಜಿನುಗುತ್ತಿರಬೇಕು ಎಂದ ರೇವಿ. ಹಾಮಿ ಅತ್ತೆಗೆ ಹೇಳಿಯೇ ಎರಡನೆಯ ಪೊಟ್ಟಣವನ್ನು ಕಾಲುವೆಗೆ ಹಾಕಿದ, ಈ ಸಲ ಕೈಗವಸು ತೊಟ್ಟು. ತೊರೆ ಹಸಿರಾಗಿ ಹರಿಯಿತು. ಮರದ ಬುಡದಲ್ಲಿ ಹಸಿರು ಬರಲಿಲ್ಲ. ಮೂರು ದಿನ ಕಾದರೂ ಬರಲಿಲ್ಲ. ಜೇಡಿಮಣ್ಣಿನೊಳಗೆ ನೀರು ತಿಂಗಳುಗಟ್ಟಲೆ ತಡ ಮಾಡುವುದೂ ಉಂಟು ಎಂದು ಅವನೇ ಹೇಳುತ್ತಾನೆ. ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದೆವು. ಶುದ್ಧವಾಗಿದೆ, ಕುಡಿಯಬಹುದು ಎಂದು ಕಾಗದ ಬಂತು. ಅತ್ತೆ ಲೋಟವನ್ನು ಒಯ್ದು ಮರದ ಕೊಂಬೆಗೆ ಬೋರಲಾಗಿ ನೇತುಹಾಕಿದ್ದಾರೆ. ತುಂಬುವಷ್ಟು ನೀರು ಇನ್ನೂ ಬಂದಿಲ್ಲ. ಅದು ಅಜ್ಜಿಯ ಒರತೆಯೋ, ನಿನ್ನೆಯ ಮಳೆಯೋ ಹಾಮಿಗೆ ಗೊತ್ತಿಲ್ಲ, ಅತ್ತೆ ಹೇಳುವುದಿಲ್ಲ, ಪರೀಕ್ಷೆಯವರಲ್ಲಿ ಅದನ್ನು ತಿಳಿಯುವ ಪರೀಕ್ಷೆ ಇಲ್ಲ. ನನಗೂ ಗೊತ್ತಿಲ್ಲ.